ದಾರಿ ಹೇಳುವ ಮೀಸೆಯಪ್ಪ

ಕಳೆದ ಭಾನುವಾರ ನಮ್ಮ ಮನೆಯ ಟೀವಿಯಲ್ಲಿ ಮೀಸೆಯವನೊಬ್ಬ ಕಾಣಿಸಿಕೊಂಡು, ಎಡಕ್ಕೆ ಹೋಗು ಅಂದ. ಹೋದೆ. ಗೋಡೆ! ಬಲಕ್ಕೆ ಹೋಗು ಅಂದ. ಹೋದೆ. ಅಲ್ಲೂ ಗೋಡೆ. ಅವನ ಆತ್ಮವಿಶ್ವಾಸ ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ. (ಇಲ್ಲ, ನಾನು ನೋಡುತ್ತಿದ್ದದ್ದು ನ್ಯೂಸ್ ಚಾನೆಲ್ ಅಲ್ಲ.)

ಅದೊಂದು ಗೇಮ್. ನನ್ನ ಕಾಲೇಜು ದಿನಗಳದ್ದು. ಮುಂಬೈಯಲ್ಲಿದ್ದ ಕಾಕಾ ಆಗ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದರು. ಕಂಪ್ಯೂಟರ್ ಅಂದರೆ ಬರೀ ಕೀಬೋರ್ಡು. ಅದನ್ನು ಟೀವಿಗೆ ಜೋಡಿಸಬೇಕು, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಡಬೇಕು. ಗೇಮ್ ಇರುವುದು ಕ್ಯಾಸೆಟ್ಟಿನಲ್ಲಿ. ಪ್ಲೇ ಒತ್ತಿದರೆ ಕರ್ಕಶವಾಗಿ ಕಿರುಚಿಕೊಳ್ಳುತ್ತದೆ. ಅದು ಕಿರುಚಿ ಮುಗಿಸುವಷ್ಟರಲ್ಲಿ ನಾವು ಮಿರ್ಚಿ ಭಜಿ ತಿಂದು, ಚಹಾ ಕುಡಿದು ಬರುತ್ತಿದ್ದೆವು. ಈಗಿನವರಿಗೆ ವಿಡಿಯೋ ಒಂದು ಕ್ಷಣ ನಿಂತರೆ ಜೀವ ಹೋಗುತ್ತದೆ.

ಗೇಮ್ ಶುರುವಾಗುವ ಮುನ್ನ ಸ್ಕ್ರೀನ್ ಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ: ಇದು ಪಬ್ಲಿಕ್ ಡೊಮೇನ್, ಇದಕ್ಕೆ ಮಾಲೀಕರಿಲ್ಲ, ಕಾಪಿ ಮಾಡಿ ಹಂಚಿ. ಬರೆದ ಪುಣ್ಯಾತ್ಮ ತನ್ನ ಹೆಸರನ್ನೂ ಹಾಕಿಕೊಂಡಿಲ್ಲ. ಗೆಳೆಯ ಖಾದರಸಾಬ ಆಗಲೇ ಎಚ್ಚರಿಸಿದ್ದ. "ಪುಕ್ಕಟಿ ಕೊಟ್ಟಾನಂದ್ರ ಒಳಗ ಏನೋ ಮಸಲತ್ತು ಐತಲೇ."

ಮಸಲತ್ತು ಇತ್ತು. ಆಟದಲ್ಲಿ ನೀವೊಂದು ಹಳದಿ ಚುಕ್ಕೆ. ಸುತ್ತ ಗೋಡೆಗಳು. ಹೊರಗೆ ಹೋಗುವ ಬಾಗಿಲು ಹುಡುಕಬೇಕು. ಪ್ರತಿ ತಿರುವಿನಲ್ಲೂ ಮೀಸೆಯವನ ಮುಖವೊಂದು ಎದ್ದು ಬಂದು ದಾರಿ ಹೇಳುತ್ತದೆ. ನೀವು ಕೇಳಿರುವುದಿಲ್ಲ. ಆದರೂ ಹೇಳುತ್ತದೆ. ಅದು ಹೇಳಿದಂತೆ ನಡೆದರೆ ಗೋಡೆಗೆ ಹಾಯುತ್ತೀರಿ, ಇಲ್ಲವೇ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತೀರಿ. ಆಗ ಅದು ಭೇಷ್ ಅನ್ನುತ್ತದೆ! ಮಾತು ಮೀರಿದಿರೋ, ಸ್ಕ್ರೀನ್ ಪೂರ್ತಿ ಕಪ್ಪು. ನಾನೂ ಖಾದರನೂ ಅದಕ್ಕೆ ಮೀಸೆಯಪ್ಪ ಅಂತ ಹೆಸರಿಟ್ಟಿದ್ದೆವು. ಸ್ಕ್ರೀನ್ ಕಪ್ಪಾದ ಕೂಡಲೇ ಕಂಪ್ಯೂಟರ್ ಕೆಟ್ಟಿತು ಅಂತ ಗಾಬರಿಬಿದ್ದು ಸ್ವಿಚ್ ಆರಿಸುತ್ತಿದ್ದೆವು. ಮತ್ತೆ ಕ್ಯಾಸೆಟ್ ಹಾಕಿ, ಮತ್ತೆ ಅವನ ಮಾತನ್ನೇ ಕೇಳುತ್ತಿದ್ದೆವು. ಡಿಗ್ರಿ ಮುಗಿಯಿತು. ನಮಗೆ ಬಾಗಿಲು ಸಿಗಲಿಲ್ಲ.

ಮೀಸೆಯಪ್ಪ ನಮ್ಮ ಗದಗ-ಬೆಟಗೇರಿಯವನೇ ಅಂತ ನನಗೆ ಬಲವಾದ ಗುಮಾನಿ. ಇಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ಗೊತ್ತಿಲ್ಲ ಅಂದವರನ್ನು ನಾನಂತೂ ಕಂಡಿಲ್ಲ. ಗೊತ್ತಿಲ್ಲ ಅನ್ನುವುದು ಬಂದವರಿಗೆ ಮಾಡುವ ಅವಮಾನ ಅಂತ ನಮ್ಮ ಭಾವನೆ. ಹರ್ತಿಗೆ ಹೊರಟವರನ್ನು ಚಹಾ ಕುಡಿಸಿ, ಪ್ರೀತಿಯಿಂದ ಅಡರಕಟ್ಟಿಯ ರಸ್ತೆಗೆ ಹತ್ತಿಸಿದ್ದೇವೆ.

ಇರಲಿ. ಇಷ್ಟು ವರ್ಷ ಹಳೇ ಚಾದರದಲ್ಲಿ ಸುತ್ತಿಟ್ಟಿದ್ದ ಆ ಕಂಪ್ಯೂಟರಿಗೆ ಜೀವ ಕೊಟ್ಟವಳು ನನ್ನ ಮಗಳು ಪ್ರಭಾ. ಅವಳೂ ಖಾದರನ ಮಗಳು ಶಾಹೀನಳೂ ಕೂಡಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರು. ಬೆಟಗೇರಿಯಲ್ಲಿ ಒಂದು ಮಳಿಗೆ ಹಿಡಿದು ಮಿಕ್ಸರ್, ಫ್ಯಾನ್, ಟೀವಿ ರಿಪೇರಿ ಅಂಗಡಿ ತೆರೆಯಬೇಕೆಂದು ಇಬ್ಬರಿಗೂ ಹಟ. ಭಾನುವಾರ ಸಂಜೆಯೊಳಗೆ ಹೂಂ ಅನ್ನದಿದ್ದರೆ ಮೊಬೈಲ್ ಕವರ್ ಮಾರುವವನಿಗೆ ಕೊಡುತ್ತೇನೆ ಅಂತ ಮಳಿಗೆಯ ಮಾಲೀಕರು ಹೇಳಿಬಿಟ್ಟಿದ್ದರು. (ಊರಲ್ಲಿ ಮೊಬೈಲ್ ಕವರಿಗೆ ಅಷ್ಟು ಬರ ನೋಡಿ.)

ಇಂಥ ಸಂದರ್ಭದಲ್ಲಿ ಹಿರಿಯರು ಸುಮ್ಮನೆ ಕೂರುತ್ತಾರೆಯೇ? ನನ್ನ ಅಕ್ಕನ ಗಂಡ, ಮಾಮಾ, ಬೆಳಗಿನ ಬಸ್ಸಿಗೇ ಮುಂಡರಗಿಯಿಂದ ಬಂದಿಳಿದರು. ಮಾಮಾ ಜೀವಮಾನದಲ್ಲಿ ಒಂದು ಸ್ಕ್ರೂ ಬಿಚ್ಚಿದವರಲ್ಲ. ಹಾಗಾಗಿ ರಿಪೇರಿ ಅಂಗಡಿಯ ಬಗ್ಗೆ ಅವರಿಗೆ ಬಹಳ ಖಚಿತವಾದ ಅಭಿಪ್ರಾಯವಿತ್ತು.

"ಹೆಣ್ಣ ಹುಡುಗ್ಯಾರು ಅಂಗಡ್ಯಾಗ ಕುಂತು ಮಿಕ್ಸರ್ ಬಿಚ್ಚೋದಂದ್ರ ಏನವಾ? ಲಕ್ಷ್ಮೇಶ್ವರದಾಗ ನಮ್ಮ ಪೈಕಿ ಒಬ್ಬರ ಶಾಲಿ ಐತಿ. ಟೀಚರ್ ಆಗಿಬಿಡು. ಖರೆ ಹೇಳತೇನಿ, ಅದs ಛಲೋ ದಾರಿ."

ಶಾಹೀನಳ ಜೊತೆ ಬಂದಿದ್ದ ಖಾದರ ತಲೆಯಾಡಿಸಿದ. "ನಮ್ಮಕಿಗೂ ಅದನ್ನ ಹೇಳಾಕತ್ತೇನ್ರಿ."

ನಾನೂ ಅಪ್ಪ ಅಂತ ಇದ್ದೇನಲ್ಲ? "ಹಿರ್‍ಯಾರು ಹೇಳತಾರಂದ್ರ..." ಅಂತ ಶುರುಮಾಡಿ ಅರ್ಧಕ್ಕೇ ಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಅಂಗಡಿ ನಡೆಯದಿದ್ದರೆ ಮಗಳ ಮುಖ ಹೇಗೆ ನೋಡುವುದು, ಆಡಿಕೊಳ್ಳುವವರ ಬಾಯಿ ಹೇಗೆ ಮುಚ್ಚುವುದು? ನನ್ನ ಹೆಂಡತಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. (ಕೆಟ್ಟು ಮೂಲೆ ಸೇರಿದ್ದ ಅವಳ ಮಿಕ್ಸರನ್ನು ಪ್ರಭಾಳೇ ಸರಿಮಾಡಿದ್ದು. ಕೇಳಿದರೆ ಏನು ಹೇಳುತ್ತಾಳೆಂದು ನಮಗೆ ಗೊತ್ತಿತ್ತು.)

ಪ್ರಭಾ ವಾದಿಸಲಿಲ್ಲ. "ಅಪ್ಪಾ, ನಿಮ್ಮ ಕಂಪ್ಯೂಟರ್ ತಯಾರ್ ಆಗೈತಿ, ನೋಡ್ರಿ" ಅಂತ ಟೀವಿಗೆ ಜೋಡಿಸಿದಳು. ಹಳೇ ಗೋಡೆಗಳು, ಹಳೇ ಮೀಸೆಯಪ್ಪ! ನಾನು ಹುಡುಗನಂತೆ ಮುಂದೆ ಕೂತೆ. ಫಲಿತಾಂಶ ಆಗಲೇ ಹೇಳಿದ್ದೇನೆ.

"ಸರೀರಿ, ನಾ ನೋಡತೇನಿ" ಅಂದಳು ಪ್ರಭಾ. ಶಾಹೀನ್ ಟೀವಿಯ ಹಿಂದೆ ಸಡಿಲಾಗಿದ್ದ ವೈರನ್ನು ಬೆರಳಿನಿಂದ ಒತ್ತಿ ಹಿಡಿದು ಕೂತಳು.

ಈಗ ನಮ್ಮ ಕೋಣೆಯಲ್ಲಿ ದಾರಿ ಹೇಳುವವರು ನಾಲ್ಕು ಜನ. ಟೀವಿಯೊಳಗೆ ಮೀಸೆಯಪ್ಪ, ಹೊರಗೆ ನಾವು ಮೂವರು. "ಎಡಕ್ಕ ಹೋಗವಾ!" ಅಂತ ಮಾಮಾ. ಅವರು ಆ ಗೇಮ್ ನೋಡಿದ್ದು ಅದೇ ಮೊದಲು. "ಬಲಕ್ಕ, ಬಲಕ್ಕ!" ಅಂತ ಖಾದರ. ಪ್ರಭಾ ನಾಲ್ವರ ಮಾತನ್ನೂ ಬಿಟ್ಟು ನೇರ ಹೋದಳು.

ಸ್ಕ್ರೀನ್ ಕಪ್ಪು.

"ಕೆಡಿಸಿಬಿಟ್ಟಿ!" ನಾನೂ ಖಾದರನೂ ಒಟ್ಟಿಗೇ ಕೂಗಿದೆವು. ನನ್ನ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹೋಯಿತು.

"ಮುಟ್ಟಬ್ಯಾಡ್ರಿ!" ಅಂದಳು ಪ್ರಭಾ. "ಹೆಜ್ಜಿ ಸಪ್ಪಳ ಕೇಳಾಕತ್ತೈತಲ್ಲ? ಏನೂ ಕೆಟ್ಟಿಲ್ಲ. ಆ ಮೀಸಿಯಂವ ಸಿಟ್ಟಾಗ್ಯಾನ, ಅಷ್ಟs."

ಹೌದು, ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತಲೇ ಇತ್ತು. ಅಷ್ಟು ವರ್ಷ ಅದು ನಮಗೆ ಕೇಳಿಸಿರಲಿಲ್ಲ. ಹೇಗೆ ಕೇಳಿಸೀತು? ನಾವು ಕಿರುಚುತ್ತಿದ್ದೆವಲ್ಲ. ಅವಳು ಕತ್ತಲಲ್ಲೇ ಕೀ ಒತ್ತುತ್ತ ನಡೆದಳು. ಗೋಡೆ ತಾಗಿದರೆ ಸದ್ದು ನಿಲ್ಲುತ್ತಿತ್ತು. ಬೇರೆ ಕಡೆ ತಿರುಗುತ್ತಿದ್ದಳು. ಅವಸರವಿಲ್ಲ, ಗಾಬರಿಯಿಲ್ಲ.

ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಬೆಳ್ಳಗಾಯಿತು. ಗೋಡೆಗಳಿಲ್ಲ. ಮೂಲೆಯಲ್ಲಿ ಮೀಸೆಯಪ್ಪನ ಮುಖ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಮಾಮಾ ಅದೇನು ಅಂತ ಕೇಳಿದರು. ಪ್ರಭಾ ಕನ್ನಡದಲ್ಲಿ ಹೇಳಿದಳು.

"ನಾ ಇಲ್ಲಿ ತನಕಾ ಎಂದೂ ಬಂದಿಲ್ಲ. ಹೊರಗ ಹೆಂಗೈತಿ?"

ಖಾದರ ತನ್ನ ಮಗಳನ್ನು ನೋಡಿದ, ನಾನು ನನ್ನ ಮಗಳನ್ನು. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಮಳಿಗೆಯ ಮಾಲೀಕರು. ಪ್ರಭಾ ನಮ್ಮ ಕಡೆ ತಿರುಗಲಿಲ್ಲ, ಶಾಹೀನಳ ಕಡೆ ನೋಡಿದಳು. ಅವಳು ವೈರು ಬಿಡದೆಯೇ ಗೋಣು ಆಡಿಸಿದಳು.

"ಹೂಂರಿ, ನಾವು ಹಿಡೀತೇವಿ. ನಾಳೆ ಮುಂಜಾನೆ ಕೀಲಿಕೈಗೆ ಬರತೇವ್ರಿ."

ನನಗೆ ಹೆದರಿಕೆ ಹೋಗಿರಲಿಲ್ಲ. ಆದರೆ ಅದಕ್ಕಿಂತ ಹೆಮ್ಮೆ ಜಾಸ್ತಿಯಾಗಿತ್ತು. ಖಾದರ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಸೆಕೆ ಅಂದ. ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು.

ಮಾಮಾ ಮಾತ್ರ ಕನ್ನಡಕ ಸರಿಮಾಡಿಕೊಂಡು, ಬೆಳ್ಳಗಿನ ಸ್ಕ್ರೀನನ್ನೊಮ್ಮೆ ಪರೀಕ್ಷಿಸಿ, ತೀರ್ಪು ಕೊಟ್ಟರು.

"ನಮ್ಮ ಮಾತ ಕೇಳಿದ್ದಿ ಅಂದ್ರ, ಇನ್ನೂ ಜಲ್ದಿ ಹೊರಗ ಬರತಿದ್ದಿ!"