ಆರಾಮ ಅದೀನಿ ಅಂದವರು

ಹೋದ ವಾರ ಮುದ್ದೇಬಿಹಾಳದ ಬಜಾರದಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರು ಮೇಲಿನ ಹಲಗೆಯಿಂದ ಸಾಮಾನು ಇಳಿಸುವಾಗ ಕಾಗದ ಹರಿದ ಒಂದು ಕೆಂಪು ಸೋಪು ಜಾರಿ ಬಂದು ನನ್ನ ಮುಂದೆ ಬಿತ್ತು. ಆ ಖಾರ ಖಾರ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಗೊತ್ತಿಲ್ಲದೆ ಎರಡೂ ಅಂಗೈ ಮುಂದೆ ಚಾಚಿದೆ. ಅಂಗಡಿಯವರು ನನ್ನ ಕೈ ನೋಡಿದರು, ಮುಖ ನೋಡಿದರು, "ಏನ್ ಕೊಡ್ಲಿರಿ ಸರ್?" ಎಂದರು. ಅವರಿಗೆ ಏನೆಂದು ಹೇಳಲಿ... ಇಪ್ಪತ್ತು ವರ್ಷಗಳ ಹಿಂದೆ ದಿನಾ ಮುಂಜಾನೆ ನಾನು ಒಬ್ಬರ ಮುಂದೆ ಹೀಗೆಯೇ ಕೈ ಚಾಚಿ ನಿಲ್ಲುತ್ತಿದ್ದೆ. ಕೆಂಪು ಸೋಪಿನ ವಾಸನೆ ಬರದಿದ್ದರೆ ಅವರು ವಾರ್ಡಿನೊಳಗೆ ಬಿಡುತ್ತಿರಲಿಲ್ಲ.

ಆಗ ಇಂಡಿಯಲ್ಲಿ ಒಂದು ಸಣ್ಣ ಖಾಸಗಿ ಆಸ್ಪತ್ರೆಯಿತ್ತು. ಈಗ ಆ ಕಟ್ಟಡದಲ್ಲಿ ಸೀರೆ ಅಂಗಡಿ ಇದೆ. ನರ್ಸಿಂಗ್ ಓದುತ್ತಿದ್ದ ನಾವು ವಾರಕ್ಕೆ ಆರು ದಿನ ಅಲ್ಲಿಗೆ ಕೆಲಸ ಕಲಿಯಲು ಹೋಗಬೇಕಿತ್ತು. ನಾನು ಕೈ ಚಾಚುತ್ತಿದ್ದದ್ದು ವಾರ್ಡಿನ ಮುಖ್ಯ ನರ್ಸ್ ಮುಂದೆ. ನಮ್ಮ ಕಡೆ ನರ್ಸುಗಳನ್ನು ಹಳೆಯ ಮಂದಿ ಬಾಯಿ ಎಂದೇ ಕರೆಯುತ್ತಾರೆ. ಇವರು ಎಲ್ಲರಿಗಿಂತ ಹಿರಿಯರು, ಹಾಗಾಗಿ ದೊಡ್ಡ ಬಾಯಾರು. ಆ ಹೆಸರು ಇನ್ನೊಂದು ಅರ್ಥದಲ್ಲೂ ಅವರಿಗೆ ಸರಿಯಾಗಿ ಹೊಂದುತ್ತಿತ್ತು. ಅವರು ಮಾಳಿಗೆಯ ಮೇಲಿನ ವಾರ್ಡಿನಲ್ಲಿ ಗುಳಿಗೆಯ ಹೆಸರು ಹೇಳಿದರೆ ಕೆಳಗಿನ ಔಷಧಿ ಅಂಗಡಿಯವನು ತೆಗೆದಿಟ್ಟುಕೊಂಡು ಕಾಯುತ್ತಿದ್ದ.

ಗಂಡು ಹುಡುಗ ನರ್ಸಿಂಗ್ ಓದುತ್ತಾನೆ ಎನ್ನುವುದು ಮನಗೂಳಿಯ ನಮ್ಮ ಓಣಿಯಲ್ಲಿ ದೊಡ್ಡ ಚೇಷ್ಟೆಯ ವಿಷಯವಾಗಿತ್ತು. ಕಟ್ಟೆಯ ಮೇಲೆ ಕುಳಿತವರು ನಾನು ಬಂದ ಕೂಡಲೇ ತಲೆನೋವು, ಹೊಟ್ಟೆನೋವು ಎಂದು ನರಳಲು ಶುರು ಮಾಡುತ್ತಿದ್ದರು. ನನಗೂ ಒಳಗೊಳಗೇ ನಾಚಿಕೆ ಇತ್ತು. ಮೊದಲ ದಿನ ಒಬ್ಬ ರೋಗಿಯ ಕೈ ಹಿಡಿಯಲು ಹಿಂದೆ ಮುಂದೆ ನೋಡುತ್ತಿದ್ದಾಗ ಬಾಯಾರು ನನ್ನ ಬೆರಳುಗಳನ್ನು ತಾವೇ ಹಿಡಿದು ಆ ಮಣಿಕಟ್ಟಿನ ಮೇಲೆ ಇಟ್ಟರು. "ನಾಡಿಗೆ ಗಂಡು ಹೆಣ್ಣು ಗೊತ್ತಿಲ್ಲ ತಮ್ಮಾ. ಬಳ್ಳು ಇಡು, ಎಣಸು," ಎಂದರು. ಆಮೇಲೆ ನಾನು ಓಣಿಯ ಚೇಷ್ಟೆಗೆ ಅಂಜಲಿಲ್ಲ.

ಅವರು ನನಗೆ ಕಲಿಸಿದ್ದು ಒಂದೇ ವಿದ್ಯೆ, ರೋಗಿಯನ್ನು ನೋಡುವುದು. ಅದರಿಂದಲೇ ಇವತ್ತು ನನ್ನ ಮನೆ ನಡೆಯುತ್ತದೆ. ಬಸವನ ಬಾಗೇವಾಡಿಯಲ್ಲಿ ಈಗ ನಾನು ನರ್ಸಿಂಗ್ ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತೇನೆ. ಆದರೆ ಅವರನ್ನೇ ನೋಡಬೇಕಾಗಿ ಬಂದ ದಿನ ನನಗೆ ನೋಡಲು ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಧೈರ್ಯ ಉಳಿಯುತ್ತದೋ ಇಲ್ಲವೋ.

ನಮ್ಮ ಪುಸ್ತಕದಲ್ಲಿ ರೋಗಿಯ ತಪಾಸಣೆಗೆ ನೂರೆಂಟು ಕಲಮುಗಳಿದ್ದವು. ನೋವು ಎಷ್ಟಿದೆ ಎಂದು ತಿಳಿಯಲು ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೇಳಬೇಕು ಎಂದಿತ್ತು. ನಾನು ಭಾರೀ ಗಂಭೀರವಾಗಿ ಸಿಂದಗಿ ಕಡೆಯ ಒಬ್ಬ ಮುದುಕಿಯನ್ನು "ಹತ್ತರಾಗ ಎಷ್ಟು ಹೇಳ್ರಿ ಅಮ್ಮಾ?" ಎಂದು ಕೇಳಿದೆ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು "ಹತ್ತರಾಗ ಏಳು ಉಳದಾವ ನೋಡಪ್ಪಾ," ಎಂದಳು. ನಾನು ಏಳು ಎಂದು ಬರೆದುಕೊಂಡೆ. ಅದು ನೋವಿನ ಅಂಕಿಯಲ್ಲ, ಹೆತ್ತ ಮಕ್ಕಳಲ್ಲಿ ಬದುಕಿದವರ ಲೆಕ್ಕ ಎಂದು ಬಾಯಾರು ತಿಳಿಸಿದಾಗ ಹಾಳೆಯನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು. ಅವರು ನಗಲಿಲ್ಲ. ಮುದುಕಿಯ ಹತ್ತಿರ ಕುಳಿತು ಚುಚ್ಚಿದಂಗ ಆಗತೈತೋ, ಹಿಂಡಿದಂಗೋ, ಉರಿದಂಗೋ ಎಂದು ಒಂದೊಂದಾಗಿ ಕೇಳಿ ನನ್ನ ಕಡೆಯಿಂದ ಬರೆಸಿದರು.

ಅವರ ಪಾಠ ನಡೆಯುತ್ತಿದ್ದದ್ದೇ ಹೀಗೆ, ಕೆಲಸದ ನಡುವೆ. ಹೊಟ್ಟೆ ಮುಟ್ಟುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಒತ್ತುವಾಗ ಹೊಟ್ಟೆಯನ್ನಲ್ಲ, ರೋಗಿಯ ಮುಖ ನೋಡಬೇಕು, ಬಾಯಿ ಸುಳ್ಳು ಹೇಳಿದರೂ ಹುಬ್ಬು ಹೇಳುವುದಿಲ್ಲ. ನಾಡಿ ಎಣಿಸಿದ ಮೇಲೆ ಕೈ ಬಿಡದೆ, ಇನ್ನೂ ನಾಡಿಯನ್ನೇ ಎಣಿಸುತ್ತಿರುವವರಂತೆ ಕುಳಿತು ಎದೆಯ ಏರಿಳಿತ ಎಣಿಸಬೇಕು, ಅದೂ ಪೂರ್ತಿ ಒಂದು ನಿಮಿಷ. "ಉಸರು ನೋಡತೇನಿ ಅಂತ ಹೇಳಬ್ಯಾಡ. ಹೇಳಿದಿ ಅಂದ್ರ ಮಂದಿ ಫೋಟೋಕ್ಕ ನಿಂತಂಗ ಉಸರಾಡತಾರ," ಎನ್ನುತ್ತಿದ್ದರು.

ಆ ಒಂದು ನಿಮಿಷವೇ ನನಗೆ ಬೇಸರದ್ದು. ಹನ್ನೊಂದು ಮಂಚಕ್ಕೆ ಹನ್ನೊಂದು ನಿಮಿಷ ಯಾರು ಕೂಡಬೇಕು? ಉಸಿರಾಟದ ಕಲಮಿನಲ್ಲಿ ಎಲ್ಲರಿಗೂ ಹದಿನೆಂಟು ಎಂದು ಬರೆಯುವುದನ್ನು ನಾವು ಹುಡುಗರೆಲ್ಲ ರೂಢಿ ಮಾಡಿಕೊಂಡಿದ್ದೆವು. ಹದಿನೆಂಟು ಎಂದರೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಯಾರೂ ತಿರುಗಿ ಕೇಳುವುದಿಲ್ಲ.

ಆ ವಾರ ಸಾಲೋಟಗಿಯ ಒಬ್ಬ ದರ್ಜಿ ಚಾಚಾ ನಮ್ಮ ವಾರ್ಡಿನಲ್ಲಿದ್ದರು. ಹರ್ನಿಯಾ ಆಪರೇಷನ್ ಆಗಿ ಮೂರನೆಯ ದಿನ. ಮಾತಿನ ಮನುಷ್ಯ. ನನ್ನ ಬಿಳಿ ಕೋಟಿನ ಕಾಲರ್ ಹೊಲಿದವನಿಗೆ ದಿನಾ ಬೈಯುತ್ತಿದ್ದರು. ಅವತ್ತು ಮುಂಜಾನೆ ನಾನು ಅವರ ಮಂಚದ ಹತ್ತಿರ ಹೋಗಿ "ಆರಾಮ ಅದೀರಿಲ್ರಿ ಚಾಚಾ?" ಎಂದೆ. "ಆರಾಮ್ರಿ ಡಾಕ್ಟರ್ ಸಾಹೇಬ್ರ, ದೇವರ ದಯಾ," ಎಂದರು. ಡಾಕ್ಟರ್ ಸಾಹೇಬ್ರ ಎಂದದ್ದಕ್ಕೆ ಖುಷಿಯಾಗಿ ತಕರಾರು ಏನೂ ಇಲ್ಲ ಎಂದು ಬರೆದೆ. ಉಸಿರಾಟ ಹದಿನೆಂಟು ಎಂದೂ ಬರೆದೆ.

ಬಾಯಾರು ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು. "ಇಡೀ ವಾರ್ಡು ಕೂಡಿ ಒಂದ ಉಸರು ತಗೋಳಾಕತ್ತೈತೇನು ತಮ್ಮಾ?" ಎಂದು ಕೇಳಿ, ನನ್ನ ತೋಳು ಹಿಡಿದು ಬಾಗಿಲಿಗೆ ಕರೆದೊಯ್ದು ನಿಲ್ಲಿಸಿದರು. "ಇಲ್ಲಿಂದ ನೋಡು. ಹನ್ನೊಂದು ಮಂದಿಯೊಳಗ ಯಾರು ಕೆಟ್ಟಾರ, ಹೇಳು."

ನಾನು ನೋಡಿದೆ. ಹನ್ನೊಂದು ಮಂಚ, ಹನ್ನೊಂದು ಜನ. ಏನೂ ಕಾಣಲಿಲ್ಲ.

ಅವರು ನೆಟ್ಟಗೆ ಚಾಚಾನ ಮಂಚಕ್ಕೆ ಹೋದರು. "ದಿನಾ ನಿನ್ನ ಕಾಲರ್ ನೋಡಿ ಬೈತಿದ್ದ ಮನಷ್ಯಾ ಇವತ್ತ ನೋಡಿದ್ನೇನು?" ಎಂದು ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೈ ಹಿಡಿದು ಪೂರ್ತಿ ನಿಮಿಷ ಕುಳಿತರು. ಮೂವತ್ತೆರಡು. ಚಾಚಾನ ಮೇಲ್ದುಟಿಯ ಮೇಲೆ ಸಣ್ಣಗೆ ಬೆವರಿತ್ತು, ಅದು ನನಗೆ ಆಗ ಕಂಡಿತು. ರೊಟ್ಟಿ ಉಂಡಿರೇನು ಎಂದರೆ ಮನಸ್ಸಾಗಲಿಲ್ಲ ಎಂದರು. ಗಾಳಿ ಸರಿದೈತೇನು ಎಂದರೆ ನಾಚಿಕೊಂಡು ಗೋಡೆಗೆ ಮುಖ ಮಾಡಿ, ನಿನ್ನೆ ಮುಂಜಾನೆಯಿಂದ ಇಲ್ಲ ಎಂದರು. ಬಾಯಾರು ಅಂಗೈ ಉಜ್ಜಿಕೊಂಡು ಹೊಟ್ಟೆಯ ಮೇಲೆ ಇಟ್ಟರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಚಾಚಾನ ಹುಬ್ಬು ಕೂಡಿಕೊಂಡಿತು. ಆಮೇಲೆ ಬಾಯಾರು ಡಾಕ್ಟರನ್ನು ಕೂಗಿದ ದನಿ ರಸ್ತೆಯ ತನಕ ಕೇಳಿರಬೇಕು.

ಒಂದು ತಾಸಿನೊಳಗೆ ಗಾಡಿ ಮಾಡಿ ವಿಜಯಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕರುಳಿನ ಒಂದು ತುಂಡು ಕಪ್ಪಾಗಿತ್ತಂತೆ, ಮತ್ತೆ ಹೊಟ್ಟೆ ತೆರೆದು ಅದನ್ನು ತೆಗೆದರು. ಅರ್ಧ ದಿನ ತಡವಾಗಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಆ ಅರ್ಧ ದಿನವನ್ನು ನಾನು ಹದಿನೆಂಟು ಎಂಬ ಒಂದು ಅಂಕಿ ಬರೆದು ಕಳೆದುಬಿಡುವವನಿದ್ದೆ. ಬಾಯಾರು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಹೊಸ ಹಾಳೆ ಕೊಟ್ಟು ಉಳಿದ ಹತ್ತೂ ಜನರ ಉಸಿರನ್ನು ಮತ್ತೆ ಎಣಿಸಿ ಬರೆಯಲು ಹಚ್ಚಿದರು. ಹದಿನಾರು, ಇಪ್ಪತ್ತೆರಡು, ಹದಿನಾಲ್ಕು... ಹದಿನೆಂಟು ಇದ್ದವರು ಒಬ್ಬರೇ.

ಒಂದೂವರೆ ತಿಂಗಳಾದ ಮೇಲೆ ಚಾಚಾ ಬಾಯಾರನ್ನು ನೋಡಲು ನಡೆದುಕೊಂಡೇ ಬಂದರು. ಅಷ್ಟು ನೋವಿದ್ದರೂ ನನಗೆ ಆರಾಮ ಎಂದು ಯಾಕೆ ಹೇಳಿದಿರಿ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀವು ಬಂದು ಆರಾಮ ಅದೀರಿಲ್ರಿ ಅಂದ್ರಿ. ಹಂಗ ಕೇಳಿದವರಿಗೆ ಮತ್ತೇನ್ ಹೇಳಾಕ ಬರ್ತೈತ್ರಿ?"

ಅವರು ಹೋದ ಮೇಲೆ ಬಾಯಾರು ನನಗೆ ಹೇಳಿದರು, "ವಾರ್ಡಿನಾಗ ಆರಾಮ ಅನ್ನೂ ಮಾತು ನಿನ್ನ ಬಾಯಾಗ ಬರಬಾರದು. ಅದು ನಮಸ್ಕಾರ ಇದ್ದಂಗ. ನಮಸ್ಕಾರಕ್ಕ ಯಾರರೆ ಖರೇ ಉತ್ತರ ಕೊಡತಾರೇನು? ಏನ್ ಉಂಡಿ, ಎಷ್ಟು ಮಲಗಿದಿ, ಸಂಡಾಸಕ್ಕ ನಡಕೋಂತ ಹೋದೇನು, ಇವನ್ನ ಕೇಳು." ಇದನ್ನು ನಾನು ಇವತ್ತಿಗೂ ಮಕ್ಕಳಿಗೆ ಮೊದಲ ತಾಸಿನಲ್ಲೇ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ.

ಕಲಿಕೆ ಮುಗಿದು ನಾನು ತಾಳಿಕೋಟೆಯಲ್ಲಿ, ಮುದ್ದೇಬಿಹಾಳದಲ್ಲಿ ಕೆಲಸ ಮಾಡಿದೆ. ಆಸ್ಪತ್ರೆ ಮುಚ್ಚಿದ ಮೇಲೆ ಬಾಯಾರು ಇಂಡಿಯಲ್ಲೇ ತಂಗಿಯ ಮನೆಯಲ್ಲಿದ್ದರು. ವರ್ಷಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ಎರಡು ವರ್ಷಕ್ಕೊಮ್ಮೆ... ನಾಲ್ಕು ವರ್ಷಗಳ ಹಿಂದೆ ಪಾಠ ಹೇಳುವ ನೌಕರಿ ಸಿಕ್ಕಿತು. ಸೇರಿ ಒಂದೆರಡು ತಿಂಗಳಾದ ಮೇಲೆ ಪೇಢೆಯ ಡಬ್ಬಿ ತೆಗೆದುಕೊಂಡು ವಿಜಯಪುರದಲ್ಲಿ ಬಸ್ಸು ಬದಲಿಸಿ ಇಂಡಿಗೆ ಹೋದೆ. ನಾನು ಮಾಸ್ತರ ಆದೆ ಎಂದು ಅವರಿಗೆ ಹೇಳಬೇಕಿತ್ತು, ಅವರು ಖುಷಿಪಡುವುದನ್ನು ನೋಡಬೇಕಿತ್ತು.

ಬಾಯಾರು ಒಳಗಿನ ಕೋಣೆಯಲ್ಲಿ ಎರಡು ತಲೆದಿಂಬು ಒತ್ತಿಟ್ಟುಕೊಂಡು ಗೋಡೆಗೆ ಆತು ಕುಳಿತಿದ್ದರು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿ "ಆರಾಮ ಅದೀರಿಲ್ರಿ ಬಾಯಾರ?" ಎಂದೆ.

"ಆರಾಮ ಅದೀನಪ್ಪಾ. ನೀ ಹೆಂಗದಿ?"

ಸಾಕಾಯಿತು ನನಗೆ. ಮುಕ್ಕಾಲು ತಾಸು ನನ್ನದೇ ಮಾತು. ನನ್ನ ನೌಕರಿ, ನನ್ನ ಮಕ್ಕಳು, ನಾನು ಪಾಠ ಹೇಳುವ ರೀತಿ. ಅವರು ನಗುತ್ತಾ ಕೇಳುತ್ತಿದ್ದರು. ನಡುನಡುವೆ ಮೂರು ಶಬ್ದ ಆಡಿ ನಿಲ್ಲಿಸುತ್ತಿದ್ದರು, ಆಮೇಲೆ ಮತ್ತೆ ಎರಡು. ವಯಸ್ಸಾಯಿತು, ದೊಡ್ಡ ಬಾಯಿ ಸಣ್ಣದಾಯಿತು ಎಂದು ಮನಸ್ಸಿನಲ್ಲೇ ಚೇಷ್ಟೆ ಮಾಡಿದೆ. ಅವರು ಚಹಾ ಅರ್ಧ ಬಿಟ್ಟರು. ಪೇಢೆ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಹೊರಡುವಾಗ ಎದ್ದು ಬಾಗಿಲಿಗೆ ಬರಲಿಲ್ಲ.

ತಿರುಗಿ ಬರುವಾಗ ಬಸ್ಸು ಮನಗೂಳಿ ದಾಟುತ್ತಿತ್ತು. ಕಿಟಕಿಯ ಸರಳು ಹಿಡಿದು ಕುಳಿತವನಿಗೆ ನನ್ನ ಬೆರಳುಗಳ ನೆನಪಾಯಿತು. ಅವರ ಪಾದ ಮುಟ್ಟಿದಾಗ ಅವು ನಾದಿದ ಹಿಟ್ಟಿನಲ್ಲಿ ಇಳಿದ ಹಾಗೆ ಇಳಿದಿದ್ದವು. ಕಾಲಿಗೆ ನೀರು ಬಂದಿತ್ತು. ಎರಡು ದಿಂಬು, ತುಂಡು ತುಂಡು ಮಾತು, ಉಳಿದ ಚಹಾ, ಎಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ಹೃದಯ ಸೋಲುತ್ತಿರುವ ರೋಗಿ ಹೇಗೆ ಕಾಣುತ್ತಾರೆ ಎಂದು ಅದೇ ತಿಂಗಳು ನಾನು ಬೋರ್ಡಿನ ಮೇಲೆ ಬರೆದಿದ್ದೆ. ಕೂಡಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನಾಳೆ ಮಾಡಿದರಾಯಿತು, ಅವರೇ ನರ್ಸು, ಅವರಿಗೆ ತಿಳಿಯದ್ದೇನು ಎಂದುಕೊಂಡೆ. ನಾಳೆ ಮಕ್ಕಳ ಪರೀಕ್ಷೆ ಬಂತು, ನಾಡಿದ್ದು ಇನ್ನೇನೋ ಬಂತು. ಐದನೆಯ ದಿನ ಅವರ ತಂಗಿಯದೇ ಫೋನ್ ಬಂತು.

ಬಾಯಾರ ಮಣ್ಣಿಗೆ ಹೋದಾಗ ಆ ತಂಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಡಾಕ್ಟರು ಕೈ ಚೆಲ್ಲಿ ಮೂರು ತಿಂಗಳಾಗಿತ್ತಂತೆ, ಯಾರಿಗೂ ಹೇಳಬೇಡ ಎಂದು ಬಾಯಾರೇ ಕಟ್ಟು ಮಾಡಿದ್ದರಂತೆ. ಅವತ್ತು ನಾನು ಹೊರಟ ಮೇಲೆ ಬಾಯಾರು ಅಂದ ಮಾತನ್ನೂ ಹೇಳಿದರು. "ಅವ ಕಾಲ ಮುಟ್ಟಿದಾಗ ನಾ ಅವನ ಮಾರಿ ನೋಡಿದ್ನಿ. ಅವಗೇನೂ ಗೊತ್ತಾಗಲಿಲ್ಲ. ಚೊಲೋ ಆತು, ಖುಷಿಲೆ ಹೋದ."

ಅದನ್ನು ಕೇಳಿ ನಾನು ಮಂದಿಯ ನಡುವೆ ನಿಂತು ಸಣ್ಣ ಹುಡುಗನಂತೆ ಅತ್ತೆ.

ನಾನು ಅವರನ್ನು ಉಳಿಸುತ್ತಿದ್ದೆ ಎಂಬ ಭ್ರಮೆ ನನಗಿಲ್ಲ. ಆದರೆ ಹೋಗುವವರು ಹೋಗುತ್ತಿದ್ದಾರೆ ಎಂದು ತಿಳಿದು ಎದುರಿಗೆ ಕೂಡುವುದು ಬೇರೆ. ನನ್ನ ಮಕ್ಕಳಿಗೆ ನಾಲ್ಕು ವರ್ಷಗಳಿಂದ ಚಾಚಾನ ಕಥೆಯನ್ನಷ್ಟೇ ಹೇಳುತ್ತಿದ್ದೆ. ಈ ಸೋಮವಾರ ಒಬ್ಬಳು ಹುಡುಗಿ "ಅರ್ಧ ನಿಮಿಷ ಎಣಿಸಿ ಡಬಲ್ ಮಾಡಿದ್ರ ನಡೀತೈತಿಲ್ರಿ ಸರ್?" ಎಂದಳು. ನಡೆಯುವುದಿಲ್ಲ ಎಂದೆ. ಯಾಕೆ ಎಂದು ಕೇಳಿದಳು. ಕೊನೆಗೆ ಬಾಯಾರ ಈ ಕಥೆಯನ್ನೂ ಹೇಳಿದೆ. ನನಗೆ ಆ ಮುಕ್ಕಾಲು ತಾಸಿನಲ್ಲಿ ಒಂದೇ ಒಂದು ನಿಮಿಷ ವಾಪಸು ಬೇಕು. ಮಾತು ನಿಲ್ಲಿಸಿ, ಬಾಯಾರ ಕೈ ಹಿಡಿದು, ಅವರ ಉಸಿರನ್ನು ಎಣಿಸುತ್ತಾ ಕೂಡಬೇಕಿತ್ತು.