ಕಂದು ತುದಿಯ ಚಾಪೆಹುಲ್ಲು

ನಿಜಾಮರ ಕಾಲದಲ್ಲಿ ಮಾನ್ವಿಯಿಂದ ದೇವದುರ್ಗಕ್ಕೆ ಸೊಸೆಯಾಗಿ ಬಂದ ಹೊಸತು. ಭಾವನ ಹೆಂಡತಿಯನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಚಾಪೆಹುಲ್ಲಿನ ಬೇರು ಕೊಟ್ಟವಳು ಅವಳೇ. "ತುದಿ ಕಂದಾಗೋತನಕ ಕೊಯ್ಯಬ್ಯಾಡ ತಂಗಿ, ಆವಾಗ ಗಟ್ಟಿ ಬರ್ತದ" ಅಂದಳು.

ಬಾವಿಯ ಪಕ್ಕ ನೀರು ನಿಲ್ಲುವ ತಗ್ಗಿನಲ್ಲಿ ನೆಟ್ಟೆ. ಕೆಸರು ಆರದಂತೆ ಬೇಸಿಗೆಯೆಲ್ಲ ನೀರು ಹೊತ್ತೆ. ಎಮ್ಮೆ ಬಾಯಿ ಹಾಕದಂತೆ ಜಾಲಿಮುಳ್ಳು ಹಚ್ಚಿದೆ. ಅವಳು ಮಾತ್ರ ತನ್ನ ಹುಲ್ಲನ್ನು ಹಸಿರಿರುವಾಗಲೇ ಕೊಯ್ದಳು. ಕೇಳಿದರೆ, "ನಂಗ ಅವಸರ ಅದ" ಅಂದಳು. ಅವಸರವೇನೂ ಇರಲಿಲ್ಲ.

ನೇಯ್ದ ಮೇಲೆ ಅತ್ತೆ ಎರಡೂ ಚಾಪೆ ಸುತ್ತಿ ನೋಡಿದರು. ಅವಳದು ಸೀರೆಯಂತೆ ಸುತ್ತಿಕೊಂಡಿತು. ಬಲಿತ ಹುಲ್ಲಿನ ನನ್ನ ಚಾಪೆ ಲಟಲಟ ಮುರಿಯಿತು.

ಅಕ್ಕ ನನ್ನ ಬೆನ್ನು ಸವರಿದಳು. "ಬೈಬ್ಯಾಡ್ರಿ ಅತ್ತೀ, ಪಾಪ. ಕೈಗುಣ ಎಲ್ಲಾರಿಗೂ ಇರೂದಿಲ್ಲ."