ಕಿವಿ ಮೇಸ್ತ್ರಿಯ ಎದೆಯ ಸದ್ದು

ನೀರಿನ ಪಂಪ್‌ಹೌಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಕಿವಿ ಮೇಸ್ತ್ರಿ ಎಂದೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಒಳಗಿನ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾದದ್ದು ಅಪರೂಪ. ಅದರ ಜಂಬವೂ ಅವನಿಗೆ ಕಡಿಮೆಯೇನಿರಲಿಲ್ಲ ಬಿಡಿ.

ಇಂಥವನ ಎದೆಯೊಳಗೇ ಒಂದು ಯಂತ್ರವಿತ್ತು. ಇಪ್ಪತ್ನಾಲ್ಕು ವರ್ಷದ ಹಿಂದೆ, ಹೃದಯದ ವಾಲ್ವ್ ಕೆಟ್ಟು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಾಗ, ಎದೆ ಸೀಳಿ ಕೃತಕ ವಾಲ್ವ್ ಕೂರಿಸಿದ್ದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಿರಲು ದಿನವೂ ಮಾತ್ರೆ, ಆಗಾಗ ರಕ್ತಪರೀಕ್ಷೆ. ಜೊತೆಗೆ ವಾಲ್ವ್ ಮುಚ್ಚಿದಾಗಲೆಲ್ಲ ಎದೆಯೊಳಗಿಂದ ಟಿಕ್ ಟಿಕ್ ಸದ್ದು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಒಂದು ಗಳಿಗೆ ಉಸಿರು ಬಿಗಿಹಿಡಿದು, ಆ ಸದ್ದು ಕೇಳಿದ ಮೇಲೆಯೇ ಅವನು ಮನೆ ಬಿಡುತ್ತಿದ್ದದ್ದು.

ಒಂದು ಸೋಮವಾರ ಸದ್ದು ಕೇಳಿಸಲಿಲ್ಲ.

ಫ್ಯಾನ್ ಆರಿಸಿದ. ಕಿಟಕಿ ಮುಚ್ಚಿದ. ಊಹೂಂ. ತಾನು ಸತ್ತಿಲ್ಲವೆನ್ನುವುದೊಂದು ಮಾತ್ರ ಖಾತ್ರಿಯಿತ್ತು. ಇಪ್ಪತ್ನಾಲ್ಕು ವರ್ಷ ಒಂದು ಗಳಿಗೆಯೂ ನಿಲ್ಲಿಸದೆ ಓಡಿಸಿದ ಪಂಪನ್ನು ಅವನಾಗಿದ್ದರೆ ಯಾವತ್ತೋ ಗುಜರಿಗೆ ಹಾಕುತ್ತಿದ್ದ. ಓಡುವುದೆಲ್ಲ ಸವೆಯಲೇಬೇಕು, ಇದೂ ಸವೆದಿದೆ ಎಂದು ತೀರ್ಮಾನಿಸಿಬಿಟ್ಟ. ಡಾಕ್ಟರ ಬಳಿ ಹೋದರೆ ಮತ್ತೆ ಎದೆ ಸೀಳಬೇಕು ಅಂದಾರೆಂಬ ಭಯ. ಹೆಂಡತಿಗೂ ಹೇಳಲಿಲ್ಲ. ಎರಡು ದಿನ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅನ್ನ ಕಲಸಿ ಹಾಗೇ ಕೈ ತೊಳೆದ.

ಮೂರನೆಯ ದಿನ ಪಂಪ್‌ಹೌಸಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಈ ಮಹಾನುಭಾವ ಮಾಡಿದ್ದೇನು ಗೊತ್ತೇ? ಅದೇ ಸ್ಕ್ರೂಡ್ರೈವರಿನ ತುದಿಯನ್ನು ತನ್ನದೇ ಪಕ್ಕೆಲುಬಿಗೆ ಊರಿ, ಕೊಕ್ಕರೆಯಂತೆ ಕತ್ತು ಬಗ್ಗಿಸಿ, ಹಿಡಿಗೆ ಕಿವಿಕೊಟ್ಟು ನಿಂತ. ಏನೂ ಕೇಳಿಸಲಿಲ್ಲ. ಇನ್ನಷ್ಟು ಒತ್ತಿದ.

ರಕ್ತ ತೆಳುವಾಗುವ ಮಾತ್ರೆ ನುಂಗುವವನ ಮೈ ಸುಮ್ಮನಿರುತ್ತದೆಯೇ? ಸಂಜೆಯೊಳಗೆ ಎದೆಯ ಮೇಲೆ ಅಂಗೈಯಗಲ ನೀಲಿಗಟ್ಟಿತು. ಅಂಗಿ ಬಿಚ್ಚುವಾಗ ಹೆಂಡತಿ ನೋಡಿಯೇಬಿಟ್ಟಳು.

“ಏನ್ರೀ ಇದು?”

ಎಲ್ಲವನ್ನೂ ಬಾಯಿಬಿಟ್ಟ. ಆಕೆ ಅವನ ಎದೆಗೆ ಕಿವಿಯಿಟ್ಟಳು.

“ಟಿಕ್ ಟಿಕ್ ಅಂತ ಚೆನ್ನಾಗೇ ಹೊಡ್ಕೋತಿದೆಯಲ್ಲ.”

“ಸಮಾಧಾನಕ್ಕೆ ಹೇಳ್ಬೇಡ ಕಣೇ.”

“ನಿಮ್ಮನ್ನ ಸಮಾಧಾನ ಮಾಡೋದು ಬಿಟ್ಟು ನಂಗೆ ಬೇರೆ ಕೆಲಸ ಇಲ್ವಾ? ನಡೀರಿ ಆಸ್ಪತ್ರೆಗೆ.”

ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಪರದೆಯನ್ನು ಅವನತ್ತ ತಿರುಗಿಸಿದರು. ವಾಲ್ವಿನ ಎರಡು ಪುಟ್ಟ ಮುಚ್ಚಳಗಳು ತೆರೆದು ಮುಚ್ಚುತ್ತಿದ್ದವು.

“ಹೆಪ್ಪುಗಟ್ಟಿಲ್ಲ, ಸವೆದೂ ಇಲ್ಲ. ಮಾತ್ರೆ ತಪ್ಪಿಸದಿದ್ರೆ ಇದು ನಿಮ್ಮ ಜೀವಮಾನವಿಡೀ ಬರಬಹುದು. ಆದ್ರೆ ಸದ್ದು ಕೇಳ್ತಿಲ್ಲ ಅನ್ನಿಸಿದ ದಿನವೇ ಬರ್ಬೇಕಿತ್ತು ನೀವು.” ಅವನ ಕಿವಿಯ ಬಳಿ ಬೆರಳುಗಳನ್ನು ಉಜ್ಜಿದರು. “ಇದು ಕೇಳ್ತಿದ್ಯಾ?”

“ಯಾವುದು?”

“ಪಂಪ್‌ಹೌಸಲ್ಲಿ ಎಷ್ಟು ವರ್ಷ ಆಯ್ತು?”

“ಮೂವತ್ತು.”

“ಅದೇ ಮತ್ತೆ. ಮೆಲ್ಲಗೆ ಮಂದವಾಗ್ತಾ ಬಂದಿದೆ. ಕೆಟ್ಟಿರೋದು ನಿಮ್ಮ ಕಿವಿ.”

ದಾರಿಯುದ್ದಕ್ಕೂ ಹೆಂಡತಿ ನಕ್ಕಳು. ಅವನಿಗೂ ಬದುಕಿದೆಯಾ ಬಡಜೀವವೇ ಎನಿಸಿತ್ತು. ಆದರೆ ಮನೆ ಸೇರಿದ ಮೇಲೆ ಬೇರೊಂದು ಚಡಪಡಿಕೆ ಶುರುವಾಯಿತು. ಮೊದಲು ಹೋಗುವವನು ತಾನೇ ಎಂದುಕೊಂಡು ಇಷ್ಟು ವರ್ಷ ಅವಳಿಗೆ ನಲ್ಲಿಯ ವಾಷರ್ ಬದಲಿಸುವುದು, ಫ್ಯೂಸ್ ಕಟ್ಟುವುದು, ಸ್ಕೂಟರ್ ಓಡಿಸುವುದು ಎಲ್ಲವನ್ನೂ ಬೈದು ಬೈದು ಕಲಿಸಿದ್ದ. ಈಗ ನೋಡಿದರೆ ಜೀವಮಾನವಿಡೀ ಬರುತ್ತದಂತೆ. ಹಾಗಾದರೆ ಅವಳೇ ಮೊದಲು ಹೋಗಬಹುದು. ಈ ಯೋಚನೆ ಅವನಿಗೆ ಒಮ್ಮೆಯೂ ಬಂದಿರಲಿಲ್ಲ.

ಅಡುಗೆಮನೆಯ ಬಾಗಿಲತನಕ ಎರಡು ಸಲ ಬಂದು ವಾಪಸು ಹೋದ. ಮೂರನೆಯ ಸಲ ಒಳಗೇ ಬಂದ.

“ಲೇ, ಅನ್ನಕ್ಕೆ ನೀರೆಷ್ಟು ಇಡ್ತಾರೆ?”

“ಈ ವಯಸ್ಸಲ್ಲಿ ಇದೇನ್ರೀ ಹೊಸ ಹುಚ್ಚು?” ಎಂದು ನಗುತ್ತಲೇ ತಿರುಗಿದವಳು ಅವನ ಮುಖ ನೋಡಿದಳು. ಮತ್ತೆ ನಗಲಿಲ್ಲ. ಸೌಟು ಕೆಳಗಿಟ್ಟು, ಅಕ್ಕಿಯ ಪಾತ್ರೆಯನ್ನು ಅವನ ಕೈಗೆ ಕೊಟ್ಟಳು.

“ಮೊದ್ಲು ಅಕ್ಕಿ ತೊಳೀರಿ. ಒಂದೇ ದಿನಕ್ಕೆ ಬರಲ್ಲ ನಿಮಗೆ, ದಿನಾ ಬಂದು ನಿಂತ್ಕೋಬೇಕು.”